ನಮ್ಮತ್ತೆಯ ಟೂತ್‌ಬ್ರಷ್ಷು

ಬದುಕಿದ್ದಷ್ಟು ದಿನವೂ ಬೇವಿನಕಡ್ಡಿಯಲ್ಲೇ ಹಲ್ಲುಜ್ಜಿದ ನಮ್ಮತ್ತೆಗೆ, ಸತ್ತು ಇಷ್ಟು ವರ್ಷವಾದ ಮೇಲೆ ಒಂದು ಟೂತ್‌ಬ್ರಷ್ಷು ಬಂದಿದೆ. ಬಚ್ಚಲಮನೆಯ ಕಿಟಕಿಯಲ್ಲಿ, ಸೀಗೆಪುಡಿ ಡಬ್ಬದ ಪಕ್ಕ, ಒಂದು ಹಳೇ ಲೋಟದಲ್ಲಿ ನಿಂತಿದೆ. ಹಸಿರು ಹಿಡಿ. ಕೂದಲು ಸವೆದು ದಿಕ್ಕಿಗೊಂದು ಚೆದುರಿದೆ, ಬುಡದಲ್ಲಿ ಸುಣ್ಣ ಕಚ್ಚಿಕೊಂಡಿದೆ. ಮೊನ್ನೆ ಮನೆಗೆ ಬಂದಿದ್ದ ನೆಂಟರೊಬ್ಬರು ಕೈ ತೊಳೆಯಲು ಹೋದವರು ಅದನ್ನು ನೋಡಿ, "ಇದ್ಯಾರ್ದು, ಇಷ್ಟೊಂದು ಸವೆದದೆ, ಬಿಸಾಕಬಾರ್ದಾ?" ಅಂದರು. "ನಮ್ಮತ್ತೇದು" ಅಂದೆ. ಆಯಪ್ಪ ನಮ್ಮತ್ತೆಯ ತಿಥಿಗೆ ಬಂದು, ಎರಡನೇ ಸಲ ಪಾಯಸ ಹಾಕಿಸಿಕೊಂಡು ಉಂಡು ಹೋಗಿದ್ದವರು. ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದು ಹೊರಟರು.

ನಿಮಗೆ ಅಂಥ ಅವಸರವಿಲ್ಲ ಅಂದುಕೊಂಡಿದ್ದೇನೆ. ಕಾಫಿ ಮುಗಿಸಿಕೊಂಡೇ ಕೇಳಿ.

ಮೊದಲು ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಅಜ್ಜಿಯಾಗಿದ್ದೇನೆ. ಈ ಒಂದು ಸಾಲು ಬರೆದು, ಪೆನ್ನು ಕೆಳಗಿಟ್ಟು, ಮನೆಯೊಳಗೆ ಒಂದು ಸುತ್ತು ಓಡಾಡಿ ಬಂದು ಮತ್ತೆ ಕೂತಿದ್ದೇನೆ. ನಮ್ಮ ಮಗ ಮಹೇಶ ನಂಜನಗೂಡಿನ ಕಡೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಸುಮಾ ಅದೇ ಊರಿನ ಹುಡುಗಿ. ಮದುವೆಯಾಗಿ ಬಹಳ ವರ್ಷ ಮಗುವಾಗಲಿಲ್ಲ. ಆ ವರ್ಷಗಳಲ್ಲಿ ನಮ್ಮೂರಿನವರು ನಮ್ಮ ಸೊಸೆಯ ಹೊಟ್ಟೆಯನ್ನು ತಮ್ಮ ಹೊಲದ ಪೈರಿಗಿಂತ ಹೆಚ್ಚು ಮುತುವರ್ಜಿಯಿಂದ ನೋಡಿಕೊಂಡರು. ಡೈರಿಗೆ ಹಾಲು ಹಾಕಲು ಹೋದರೆ ಹಾಲಿನ ಡಿಗ್ರಿ ನೋಡುವುದಕ್ಕೆ ಮುಂಚೆ "ಏನಾರ ವಿಶೇಷವಾ?" ಎಂದು ಕೇಳುತ್ತಿದ್ದರು. ಈಗ ಹೆಣ್ಣು ಮಗು ಹುಟ್ಟಿದೆ ಅಂದರೆ "ಹೆಣ್ಣಾ..." ಎಂದು ಆ 'ಣ್ಣಾ'ವನ್ನು ಊರ ಬಾಗಿಲವರೆಗೂ ಎಳೆಯುತ್ತಾರೆ. "ಊಂ, ನಿಮ್ಮವ್ವನ ತರ" ಅನ್ನುತ್ತೇನೆ. ಆಮೇಲೆ ಹಾಲಿನ ಡಿಗ್ರಿ ಮಾತ್ರ ನೋಡುತ್ತಾರೆ.

ಮಗುವನ್ನು ನೋಡಲು ಆಸ್ಪತ್ರೆಗೆ ಹೋದಾಗ ನಮ್ಮ ಯಜಮಾನರು ಬಟ್ಟೆಯೊಳಗಿನ ಆ ಕೆಂಪು ಮುದ್ದೆಯನ್ನು ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ನಮ್ಮವ್ವನೇ ಬಂದವ್ಳೆ ಕಣೇ. ಆ ಗದ್ದ ನೋಡು" ಅಂದರು. ಇಷ್ಟು ವರ್ಷ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತು, ಹೊಳೆಯಲ್ಲಿ ಮುಳುಗಿ, ಉಪವಾಸ ಬಿದ್ದು ನಾನು ಕರೆಸಿಕೊಂಡದ್ದು ನಮ್ಮತ್ತೆಯನ್ನೇ? ಬಗ್ಗಿ ನೋಡಿದೆ. ಹೌದು, ಅದೇ ಗದ್ದ. ಸಾರಿಗೆ ಉಪ್ಪು ಕಮ್ಮಿಯಾದಾಗ ಮುಂದಕ್ಕೆ ಬರುತ್ತಿದ್ದ ಗದ್ದ.

"ಇವಳಿಗೆ ನಮ್ಮವ್ವನ ಎಸ್ರೇ" ಅಂದರು ಯಜಮಾನರು. ಅಲ್ಲಿಂದ ಶುರುವಾಯಿತು.

ಹೆಸರಿನ ವಿಚಾರ ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹುಟ್ಟಿದ್ದು ಸೋಸಲೆಯಲ್ಲಿ, ಓದಿದ್ದು ನಾಲ್ಕನೇ ಕ್ಲಾಸು. ಆ ನಾಲ್ಕನೇ ಕ್ಲಾಸಿನಲ್ಲಿ ನಾನು ಏನೂ ಕಲಿಯಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಮೇಷ್ಟ್ರು "ನಮ್ಮ ನದಿಗಳು ಯಾವುವು?" ಅಂದರೆ ಮೊದಲನೇ ಹೆಸರನ್ನು ಕಿಟಕಿ ಅದುರುವ ಹಾಗೆ ಕೂಗುತ್ತಿದ್ದವಳು ನಾನೇ. ಎರಡನೇ ನದಿ ಯಾವುದು ಅಂದರೆ ಮಾತ್ರ ಸ್ಲೇಟು ಒರೆಸಲು ಎದ್ದು ಹೋಗುತ್ತಿದ್ದೆ. ನಮ್ಮೂರ ಹಿಂದೆಯೇ ಒಂದು ಹರಿಯುತ್ತಿರುವಾಗ ಬೇರೆ ಊರಿನ ನೀರೆಲ್ಲ ನನಗೇಕೆ? ಅವ್ವನ ಹಿಂದೆ ಬಟ್ಟೆ ಒಗೆಯಲು ಹೋದಾಗ ಮೆಟ್ಟಿಲ ಮೇಲಿಂದ ಕಣ್ಣು ಮುಚ್ಚಿಕೊಂಡು, ಅದೇ ಹೆಸರು ಕೂಗಿಕೊಂಡು, ನಾವೆಲ್ಲ ಹುಡುಗಿಯರು ನೀರಿಗೆ ಹಾರುತ್ತಿದ್ದೆವು. ಹೆಸರು ಕೂಗದೆ ಹಾರಿದರೆ ಮೂಗಿನೊಳಗೆ ನೀರು ಹೋಗುತ್ತದೆ ಅಂತ ನಮಗೆ ನಾವೇ ಮಾಡಿಕೊಂಡ ಕಾನೂನು.

ಆಮೇಲೆ ನನ್ನನ್ನು ತಾಂಡವಪುರದ ಪಕ್ಕದ ಈ ಊರಿಗೆ ಕೊಟ್ಟರು. ಕೊಟ್ಟ ಮನೆಯ ಅತ್ತೆಗೂ ಅದೇ ಹೆಸರು.

ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರು ಹೇಳಬಾರದು, ಅತ್ತೆ ಮಾವನ ಹೆಸರು ಹೇಳಬಾರದು. ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತದಂತೆ. ನಮ್ಮತ್ತೆ ಬದುಕಿದ್ದ ವರ್ಷಗಳನ್ನು ನೋಡಿದರೆ, ನಾನೊಬ್ಬಳು ಬಾಯಿ ಮುಚ್ಚಿಕೊಂಡಿದ್ದಕ್ಕೆ ಎಷ್ಟು ಫಲ ಸಿಕ್ಕಿತು ಅಂತ ನಿಮಗೇ ಗೊತ್ತಾಗುತ್ತದೆ. ಗಂಡನಿಗಾದರೂ ಬೇರೆ ಹೆಸರಿರಬಾರದೇ? ಅವರಿಗೆ ಈ ಸೀಮೆಯ ದೊಡ್ಡ ದೇವರ ಹೆಸರು. ಹಾಗಾಗಿ ಮೈಸೂರು ಜಿಲ್ಲೆಯ ಭೂಪಟದಲ್ಲಿ ನನ್ನ ಪಾಲಿಗೆ ಅರ್ಧಕ್ಕರ್ಧ ಹೆಸರೇ ಇಲ್ಲ. ನಂಜನಗೂಡಿಗೆ ಹೋಗಬೇಕಾದರೆ ಬಸ್ಸಿನಲ್ಲಿ "ಗೂಡಿಗೆ ಒಂದು ಕೊಡಿ" ಅನ್ನುತ್ತಿದ್ದೆ. ಕಂಡಕ್ಟರು "ಯಾವ್ ಗೂಡಿಗಮ್ಮಾ, ಕೋಳಿ ಗೂಡಿಗಾ?" ಎಂದು ಬಸ್ಸನ್ನೆಲ್ಲ ನಗಿಸುತ್ತಿದ್ದ. ತವರಿನ ದಾರಿಯಲ್ಲಿ ತಿ. ನರಸೀಪುರದ ಸಂಗಮಕ್ಕೆ ಹೋದರೆ, ಕಪಿಲೆಯನ್ನು ಹೆಸರಿಟ್ಟು ಕರೆದು ಕೈ ಮುಗಿಯುತ್ತಿದ್ದೆ. ಪಕ್ಕದಲ್ಲೇ ಬಂದು ಕೂಡುವ, ನನ್ನನ್ನು ಈಜಾಡಿಸಿ ಬೆಳೆಸಿದ ಹೊಳೆಗೆ ಮಾತ್ರ "ನೀನೂ ಕಣವ್ವ" ಅನ್ನುತ್ತಿದ್ದೆ.

ಬಾಯಲ್ಲಿ ಹೇಳಬಾರದು, ಬರೆದರೆ ಏನೂ ಆಗುವುದಿಲ್ಲ ಎಂದು ಸುಮಾ ನನಗೆ ಈಚೆಗೆ ತೀರ್ಪು ಕೊಟ್ಟಿದ್ದಾಳೆ. ಅದಕ್ಕೇ ನಂಜನಗೂಡು ಎಂದು ಧೈರ್ಯವಾಗಿ ಬರೆದಿದ್ದೇನೆ. ಯಜಮಾನರು ಗುಂಡುಕಲ್ಲಿನ ಹಾಗೆ ಜಗಲಿಯಲ್ಲಿ ಕೂತಿದ್ದಾರೆ, ಏನೂ ಆಗಿಲ್ಲ. ಇನ್ನೊಂದು ಹೆಸರಿಗೆ ಮಾತ್ರ ಪೆನ್ನೂ ಇನ್ನೂ ಒಲ್ಲೆ ಅನ್ನುತ್ತಿದೆ. ನಿಮಗೆ ಗೊತ್ತಾಗಿರುತ್ತದೆ. ಗೊತ್ತಾಗದವರ ಹಾಗೆ ಇರಿ.

ಸುಮಾ ಫೋನಿನಲ್ಲಿ ಹುಡುಕಿ ಒಂದಿಷ್ಟು ಹೆಸರು ಆರಿಸಿಟ್ಟುಕೊಂಡಿದ್ದಳು. ಒಂದನ್ನು ಹೇಳಲು ಹೋಗಿ ನನ್ನ ಹಲ್ಲಿನ ಸೆಟ್ಟು ಸಡಿಲವಾಯಿತು. ಮಾವ ತಮ್ಮ ತಾಯಿಯ ಹೆಸರು ಎತ್ತಿದಾಗ ಹುಡುಗಿ ಜಗಳಕ್ಕೆ ಬರುತ್ತಾಳೆ, ನಾನು ಅವಳ ಹಿಂದೆ ನಿಂತು ಮಜಾ ನೋಡಬಹುದು ಅಂದುಕೊಂಡಿದ್ದೆ. ಅವಳು ಶಾಂತವಾಗಿ ಅಂದಳು:

"ಮಾವ, ಅಜ್ಜಿ ಹೆಸರು ನನಗಿಷ್ಟನೇ. ಹಿಂದಿನ 'ಅಮ್ಮ' ಒಂದು ತೆಗೆದುಬಿಟ್ರೆ ಎಷ್ಟು ಚೆನ್ನಾಗಿದೆ. ಆದ್ರೆ ತೊಟ್ಟಿಲಿಗೆ ಹಾಕಿದಾಗ ಮೊದಲು ಅತ್ತೆ ಕರೀಬೇಕು. ಎಲ್ಲರಿಗಿಂತ ಜಾಸ್ತಿ ಎತ್ತಿ ಆಡಿಸೋರು ಅವರು. ಅವರೇ ದಿನಾ 'ಏ ಇವಳೇ, ಏ ಇವಳೇ' ಅಂತಿದ್ರೆ ನನ್ನ ಮಗಳಿಗೆ ಹೆಸರು ಯಾಕೆ? ಅತ್ತೆ ಬಾಯಲ್ಲಿ ಬರಲ್ಲ ಅಂದ್ರೆ ನಾನು ಆರಿಸಿರೋದನ್ನೇ ಇಡ್ತೀನಿ."

ಯಜಮಾನರು ನನ್ನ ಕಡೆ ತಿರುಗಿದರು. ಮಜ್ಜಿಗೆ ಇದೆಯಾ ಅನ್ನುವುದು ಬಿಟ್ಟು ನನ್ನನ್ನು ಇನ್ನೇನೂ ಕೇಳದ ಮನುಷ್ಯ, ಸಣ್ಣ ದನಿಯಲ್ಲಿ "ಕರೀತೀಯೇನೇ?" ಅಂದರು.

"ನೋಡಾನ" ಅಂದೆ. ಒಳಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತು ಪ್ರಯತ್ನ ಮಾಡಿದೆ. ಗಂಟಲಿನವರೆಗೂ ಬಂತು. ಅಲ್ಲಿ ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ವಾಪಸ್ಸು ಹೋಯಿತು.

ವಿಷಯ ತಿಳಿದು ನರಸೀಪುರದಿಂದ ನನ್ನ ನಾದಿನಿ ಜಯಮ್ಮ ಫೋನು ಮಾಡಿದಳು. ನಮಗಿರುವುದು ಒಬ್ಬನೇ ಮಗ, ಮಗುವಿಗೆ ಸೋದರತ್ತೆ ಇಲ್ಲ, ಆದ್ದರಿಂದ ಹೆಸರು ಕರೆಯುವ ಹಕ್ಕು ತನ್ನದೇ ಎಂದು ಅವಳ ವಾದ. "ನಿನ್ ಬಾಯಲ್ಲಿ ಎಲ್ಲಿ ಬಂದದು ಅತ್ಗೆ? ಸುಮ್ಕಿರು. ನಾನಿದ್ದೀನಲ್ಲ, ನಾನ್ ಕರೀತೀನಿ. ನಿಂಗ್ಯಾಕೆ ಇಲ್ದ ತಾಪತ್ರಯ?" ನನ್ನ ಮೇಲೆ ಅವಳಿಗೆ ಯಾವಾಗಲೂ ಇಂಥದೇ ಕಾಳಜಿ.

ಹೆಸರಿಡುವುದಕ್ಕೆ ಮುಂಚೆ ಹಿರಿಯರಿಗೆ ಒಂದು ಮಾತು ಹೇಳಿ ಬರಬೇಕಲ್ಲ. ಹಣ್ಣು ಕಾಯಿ ಹಿಡಿದು ಹೊಲಕ್ಕೆ ಹೋದೆವು. ಪಂಪ್‌ಸೆಟ್ ಮನೆಯ ಪಕ್ಕ ಬದುವಿನ ಮೇಲೆ ನಮ್ಮತ್ತೆಯ ಸಮಾಧಿ. ಸುತ್ತಲಿನವರೆಲ್ಲ ಕರಿಕಲ್ಲು ಹಾಕಿಸಿದರೆ, ನಮ್ಮ ಯಜಮಾನರು ಮೈಸೂರಿಗೆ ಹೋಗಿ ತಾಯಿಗೆ ಬಿಳೀ ಅಮೃತಶಿಲೆಯ ಹಲಗೆ ತಂದಿದ್ದರು. ಹೆಸರು ಕೆತ್ತಿಸಿ, ಅಕ್ಷರದೊಳಗೆ ಕಪ್ಪು ಬಣ್ಣ ತುಂಬಿಸಿ, ಗಾರೆಯಲ್ಲಿ ಕೂರಿಸಿದಾಗ ಊರೇ ಬಂದು ನೋಡಿತ್ತು. ಆಮೇಲೆ ಏನು ಮಾಡಿದೆವು? ವರ್ಷ ವರ್ಷ ಮಾರ್ನಮಿಗೆ ಎಡೆ ಇಡುವ ಮುಂಚೆ ಸಮಾಧಿಗೆ ಸುಣ್ಣ ಬಳಿದೆವು. ಮೊದಲ ವರ್ಷ ಹಲಗೆಯನ್ನು ಬಿಟ್ಟು ಬಳಿದೆವು. ಮರುವರ್ಷ ಕುಂಚ ಅಂಚಿಗೆ ತಗುಲಿತು. ಅದರ ಮರುವರ್ಷ, ಅಂಚಿಗೊಂದು ನಡುವಿಗೊಂದು ಯಾಕೆ ಭೇದ ಅಂತ ಪೂರ್ತಿ ಬಳಿದೆವು. ಬಿಳಿಯ ಕಲ್ಲು ಬೆಳ್ಳಗೆ ಕಾಣಲಿ ಎಂದು ಅದಕ್ಕೆ ಬಿಳೀ ಸುಣ್ಣ ಹೊಡೆದ ಬುದ್ಧಿವಂತರು ನಾವು. ಸುಣ್ಣ ಇಲ್ಲದ ವರ್ಷ ಮನೆಗೆ ಹೊಡೆಸಿ ಉಳಿದ ಬಣ್ಣ ಇರುತ್ತಿತ್ತು.

ಸುಮಾ ಬಸುರಿಯಾದ ವರ್ಷ ಮಾತ್ರ ಯಾರೂ ಅತ್ತ ಸುಳಿಯಲಿಲ್ಲ. ಬಸುರಿಯಿರುವ ಮನೆಯವರು ಸಮಾಧಿ ಕೆಲಸ ಮುಟ್ಟಬಾರದು. ಮಳೆ ಹೊಡೆಯಿತು, ಬಿಸಿಲು ಕಾಯಿತು, ಪಾಚಿ ಕಟ್ಟಿತು, ಕಾಗೆಗಳು ತಮ್ಮ ಪಾಲಿನ ಸುಣ್ಣ ತಾವೇ ಬಳಿದವು. ಈಗ ಹೋಗಿ ನೋಡಿದರೆ ಬಣ್ಣವೆಲ್ಲ ಪದರ ಪದರವಾಗಿ ಬಿರಿದು ಎದ್ದಿತ್ತು. ಮೇಲೆ ಸುಣ್ಣ, ಅದರ ಕೆಳಗೆ ಮಹೇಶನ ಮದುವೆಗೆ ನಡುಮನೆಗೆ ಹೊಡೆಸಿದ ತಿಳಿನೀಲಿ, ಅದರ ಕೆಳಗೆ ಮತ್ತೆ ಸುಣ್ಣ, ಅದರಡಿಯಲ್ಲಿ ಅಡುಗೆಮನೆಯ ಗುಲಾಬಿ. ನಮ್ಮತ್ತೆ ಬದುಕಿದ್ದಾಗ ನನ್ನ ಸೀರೆಯ ಬಣ್ಣ ಯಾವುದಾದರೂ ಹೆಸರಿಟ್ಟು ಆಡಿಕೊಳ್ಳುತ್ತಿದ್ದವರು. ಮಣ್ಣಿನೊಳಗೆ ಮಲಗಿಕೊಂಡು ಈ ಗುಲಾಬಿಯನ್ನು ಹೇಗೆ ಸಹಿಸಿಕೊಂಡರೋ.

ಹೆಸರು ಇರಲಿ, ಅಲ್ಲೊಂದು ಹಲಗೆ ಇದೆ ಅನ್ನುವುದೇ ಕಾಣುತ್ತಿರಲಿಲ್ಲ.

ಯಜಮಾನರು ಕಾಯಿ ಒಡೆಯಲು ಎತ್ತಿದ ಕೈಯನ್ನು ಇಳಿಸಿದರು. "ಯಾವ್ ಎಸ್ರು ಇಡ್ತೀರ್ಲಾ ಅಂತ ನಮ್ಮವ್ವ ಕೇಳಿದ್ರೆ ಎಲ್ಲಿ ತೋರ್ಸದು? ಮೊದ್ಲು ಇಲ್ಲಿ ಎಸ್ರು ಕಾಣ್ಬೇಕು. ಆಮೇಲೆ ತೊಟ್ಲು" ಅಂದರು. ಹೀಗೆ, ಸೊಸೆ ನನ್ನ ಬಾಯಿಗೊಂದು ಪರೀಕ್ಷೆ ಇಟ್ಟರೆ, ಗಂಡ ನನ್ನ ಕೈಗೊಂದು ಇಟ್ಟರು.

ಮೊದಲ ಕೈ ಅವರದೇ. ಕಳೆ ಕೀಳುವ ಕುರ್ಪಿಯನ್ನೂ, ನೇಗಿಲ ತುಕ್ಕು ತಿಕ್ಕುವ ತಂತಿ ಬ್ರಷ್ಷನ್ನೂ ತಂದರು. ಕರ್ ಕರ್ ಎಂದು ನಾಲ್ಕು ಸಲ ಎಳೆದರು. ಸುಣ್ಣದ ಜೊತೆಗೆ ಕಲ್ಲಿನ ಮೇಲೂ ಗೀರು ಬಿತ್ತು. "ಗಟ್ಟಿಯಾಗೈತೆ" ಅಂದು ಬೆವರೊರೆಸಿಕೊಂಡರು. ಕಲ್ಲು ಗಟ್ಟಿಯಾಗಿರುತ್ತದೆ ಎನ್ನುವುದು ಅವತ್ತು ನಮ್ಮ ಮನೆಯಲ್ಲಿ ಪತ್ತೆಯಾಯಿತು.

ಭಾನುವಾರ ಮಹೇಶ ಬಂದ. ಅವನು ಫೋನು ನೋಡಿ ಕಲಿತವನು. ಕಕ್ಕಸು ತೊಳೆಯುವ ಆಸಿಡ್ಡಿನ ಬಾಟಲಿ ತಂದಿದ್ದ. "ಸೋಮನಾಥಪುರದಲ್ಲಿ ಅಷ್ಟು ಹಳೇ ಕಲ್ಲುಗಳನ್ನೇ ಫಳಫಳ ಅಂತ ಇಟ್ಟವ್ರೆ, ನಾವು ಇದೊಂದನ್ನ ತೊಳೀಲಾರ್ವಾ?" ಅಂದ.

"ಅಲ್ಲೇನು ಆಸಿಡ್ ಉಯ್ದವ್ರಾ?" ಅಂದೆ.

"ಅಂಗಲ್ಲ ಕಣವ್ವ..."

"ಅದು ದೇವಸ್ಥಾನ ಕಣ್ಲಾ. ಇದು ನಮ್ಮವ್ವ. ವಸಿ ನೋಡ್ಕಂಡ್ ಉಯ್ಯಿ" ಅಂದರು ಯಜಮಾನರು.

ಒಂದು ಮೂಲೆಗೆ ನಾಲ್ಕು ತೊಟ್ಟು ಬಿಟ್ಟ. ಬುಸ್ಸೆಂದು ನೊರೆ ಎದ್ದಿತು. "ನೋಡ್ದಾ, ಎಂಗೆ ಕೊಳೆ ಬುಡ್ತಾ ಅದೆ!" ಎಂದು ಮಗ ಹಿಗ್ಗಿದ. ನೊರೆ ನಿಲ್ಲಲಿಲ್ಲ. ಸುಣ್ಣ ಮುಗಿಸಿ ಕಲ್ಲನ್ನೂ ತಿನ್ನಲು ಕೂತಿತು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡ ಕಣೋ, ನಮ್ಮವ್ವ ಬುಸ್‌ಗುಟ್ತಾವ್ಳೆ! ನೀರ್ ಉಯ್ಯೋ, ನೀರ್ ಉಯ್ಯೋ!" ಎಂದು ಕೂಗಿಕೊಂಡರು. ಪಂಪ್‌ಸೆಟ್ ಹಾಕಿ, ಪೈಪು ಎಳೆದು, ಅತ್ತೆಯನ್ನು ಸಮಾಧಾನಪಡಿಸಿದ್ದಾಯಿತು. ನೀರು ಇಳಿದ ಮೇಲೆ ನೋಡಿದರೆ ಆ ಮೂಲೆಯ ಕಲ್ಲು ಇಲಿ ಕಡಿದ ಕೊಬ್ಬರಿಯ ಹಾಗೆ ಆಗಿತ್ತು.

ಗಂಡಸರ ಬುದ್ಧಿ ಇಷ್ಟೇ ಎಂದು ನಾನು ಮುಂದೆ ಬಂದೆ. ಮನೆಯ ಹಿತ್ತಾಳೆ ದೀಪಗಳನ್ನು ಇಷ್ಟು ವರ್ಷ ಬೆಳಗಿದವಳು ನಾನು. ಮರುದಿನ ಒಬ್ಬಳೇ ಹೋಗಿ, ಹುಣಸೆಹಣ್ಣು ಕಿವುಚಿ, ಉಪ್ಪು ಸೇರಿಸಿ, ಹಲಗೆಗೆ ದಪ್ಪಗೆ ಮೆತ್ತಿ, ಸೆರಗು ಸಿಕ್ಕಿಸಿಕೊಂಡು ತಿಕ್ಕತೊಡಗಿದೆ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಅಯ್ಯಯ್ಯೋ! ಅತ್ಗೆ! ನಮ್ಮವ್ವನ ಮೊಕಕ್ಕೆ ಉಣಸೇಣ್ಣು ಉಜ್ತಿದ್ದೀಯಾ?"

ಜಯಮ್ಮ. ಕೈಯಲ್ಲಿ ಬ್ಯಾಗು, ನರಸೀಪುರದ ಬಸ್ಸಿನಿಂದ ನೇರ ಹೊಲಕ್ಕೇ ಬಂದಿದ್ದಾಳೆ.

"ಬಾರವ್ವ. ದೀಪದ ಕಂಬಕ್ಕೆ ಉಜ್ಜಲ್ವಾ, ಅಂಗೆ" ಅಂದೆ.

"ನಮ್ಮವ್ವ ನಿಂಗೆ ದೀಪದ ಕಂಬ್ವಾ?"

"ಅಲ್ಲ ಬುಡು. ದೀಪದ ಕಂಬ ಮಾತಾಡ್ತಿರ್ನಿಲ್ಲ."

ಅವಳು ಬ್ಯಾಗಿನಲ್ಲಿದ್ದ ನೀರಿನ ಬಾಟಲಿ ತೆಗೆದು ಹುಣಸೆಹಣ್ಣನ್ನು ತೊಳೆದಳು. ಆಸಿಡ್ಡಿನಷ್ಟಲ್ಲದಿದ್ದರೂ, ಹುಳಿ ತನ್ನ ಕೆಲಸ ಮಾಡಿತ್ತು. ಬಣ್ಣ ಉದುರಿದ್ದ ಕಡೆ ಒಂದು ಅಂಗೈಯಗಲ ಕಲ್ಲಿನ ಹೊಳಪು ಹೋಗಿ ಮಂಕಾಗಿತ್ತು. ಜಯಮ್ಮ ಅದರ ಮೇಲೆ ಬೆರಳಾಡಿಸಿ ನೋಡಿದಳು. "ಎಸ್ರು ಕರ್ಯೋಕೂ ಬರಾಕಿಲ್ಲ, ಎಸ್ರು ಉಜ್ಜೋಕೂ ಬರಾಕಿಲ್ಲ" ಎಂದಷ್ಟೇ ಅಂದು ಮನೆಯ ಕಡೆ ನಡೆದಳು.

ನಾನು ಬದುವಿನ ಮೇಲೆ ಕೂತೆ. ಕೈಯೆಲ್ಲ ಹುಳಿ, ಉಪ್ಪು. ಆ ವಾಸನೆಗೋ ಏನೋ, ಮದುವೆಯಾಗಿ ಬಂದ ಮೊದಲ ವಾರ ಹಾಲು ತಳ ಹತ್ತಿಸಿದ್ದು ನೆನಪಾಯಿತು. ದೊಡ್ಡ ಪಾತ್ರೆಯ ತುಂಬ ಹಾಲು. ಒಲೆಯ ಮುಂದೆ ತವರು ನೆನೆದುಕೊಂಡು ಕೂತವಳಿಗೆ ಸೀದ ವಾಸನೆ ಮೂಗಿಗೆ ಬಂದಾಗ ಕಾಲ ಮಿಂಚಿತ್ತು. ಯಾರೂ ನೋಡುವ ಮುಂಚೆ ಹಿತ್ತಿಲಿಗೆ ಹೊತ್ತುಕೊಂಡು ಹೋಗಿ ಬೂದಿ, ಹುಣಸೆಹಣ್ಣು, ಇಟ್ಟಿಗೆಪುಡಿ, ಸಿಕ್ಕಿದ್ದನ್ನೆಲ್ಲ ಹಾಕಿ ಅಳುತ್ತಾ ಕೆರೆಯುತ್ತಿದ್ದೆ. ಅತ್ತೆ ಬಂದು ಹಿಂದೆ ನಿಂತರು.

"ಯಾಕೆ ಕೆರೀತಿದ್ದೀಯೆ ಸೋಸಲೆಯೋಳೆ? ಪಾತ್ರೆ ನಿಂಗೇನ್ ಮಾಡ್ತು? ನೀರಾಕಿ ನೆನೆಯಾಕ್ ಬುಡು. ಮಯ್ನೆಲ್ಲ ಸುಟ್ಕಂಡು ಕೂತದೆ, ಅದ್ಕೂ ವಸಿ ಒತ್ತು ಬ್ಯಾಡ್ವಾ? ಊರ್ ಹಿಂದ್ಗಡೆ ಅಂತಾ ಒಳೆ ಮಡೀಕಂಡು, ಒಂದ್ ಪಾತ್ರೆ ನೆನೆಸಾದ್ ಕಲ್ಸಿಲ್ವಾ ನಿಮ್ಮವ್ವ?"

ನನ್ನನ್ನು ಅವರು ಕೊನೆಯವರೆಗೂ 'ಸೋಸಲೆಯೋಳು' ಅಂತಲೇ ಕರೆದರು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ. ನಾನೂ ಅವರ ಹೆಸರು ಹೇಳಲಿಲ್ಲ. ಹಾಗೆ ನೋಡಿದರೆ ನಮ್ಮಿಬ್ಬರ ಲೆಕ್ಕ ಸರಿಯಾಗಿಯೇ ಇತ್ತು.

ಎದ್ದು ಪಂಪ್‌ಸೆಟ್ ಮನೆಯಿಂದ ಗೋಣಿತಾಟು ತಂದೆ. ನೀರಲ್ಲಿ ಅದ್ದಿ, ಮಡಿಚಿ, ಹಲಗೆಗೆ ಹೊದಿಸಿದೆ. ಒಣಗಿದ ಹಾಗೆಲ್ಲ ನೀರು ಚಿಮುಕಿಸಿದೆ. ಮಾರನೆಯ ದಿನವೂ ಅಷ್ಟೇ ಮಾಡಿದೆ. ದಾರಿಯಲ್ಲಿ ಹೋಗುವವರು ನೋಡಿ, "ಏನಮ್ಮೋ, ಅತ್ತೆಗೆ ಜ್ವರ್ವಾ? ಒದ್ದೆಬಟ್ಟೆ ಆಕಿದ್ದೀಯ" ಎಂದು ಕೇಳಿದರು. "ಊಂ, ಬಿಸ್ಲು ಜೋರು" ಅಂದೆ. ನೆನೆದದ್ದು ಸಾಕು ಅನ್ನಿಸಿದ ಮೇಲೆ ಗೋಣಿ ತೆಗೆದು, ಬಿದಿರಿನ ಸೀಳನ್ನು ಚಪ್ಪಟೆಯಾಗಿ ಕೆತ್ತಿಕೊಂಡು, ಅಂಚಿನಿಂದ ಮೆಲ್ಲಗೆ ಎಬ್ಬಿಸಿದೆ. ದೋಸೆ ಏಳುವ ಹಾಗೆ ಎದ್ದಿತು! ಗುಲಾಬಿ, ನೀಲಿ, ಸುಣ್ಣ, ಎಲ್ಲ ಅಂಟಿಕೊಂಡು ಒಂದೇ ಹಾಳೆಯಾಗಿ ಬಂತು. ಅಡಿಯ ಸುಣ್ಣ ಕಲ್ಲನ್ನು ಬಿಟ್ಟಿತ್ತು, ಮೇಲಿನವು ಅದನ್ನು ಬಿಟ್ಟಿರಲಿಲ್ಲ.

ಅಕ್ಷರದ ಕುಳಿಯೊಳಗಿನ ಸುಣ್ಣ ಮಾತ್ರ ಬಿದಿರಿಗೆ ಸಿಗಲಿಲ್ಲ. ಮನೆಗೆ ಹೋಗಿ ಮಹೇಶ ಬಿಸಾಕಿದ್ದ ಹಸಿರು ಟೂತ್‌ಬ್ರಷ್ಷು ತಂದೆ. ಬಿಸಾಕುವಷ್ಟು ಸವೆದದ್ದು ಮೆತ್ತಗಿರುತ್ತದೆ, ಗೀರು ಬೀಳುವುದಿಲ್ಲ. ಒಂದೊಂದೇ ಅಕ್ಷರವನ್ನು ನೀರು ಬಿಟ್ಟು ಬಿಟ್ಟು ಉಜ್ಜಿದೆ. ನಮ್ಮತ್ತೆ ಬದುಕಿದ್ದಾಗ ನಾನು ಅವರಿಗೆ ಇಷ್ಟು ಸೇವೆ ಮಾಡಿದ್ದರೆ ಆಸ್ತಿಯನ್ನೆಲ್ಲ ನನ್ನ ಹೆಸರಿಗೇ ಬರೆಯುತ್ತಿದ್ದರೇನೋ. ಹೆಸರು ಗೊತ್ತಿರಬೇಕಿತ್ತು, ಅಷ್ಟೇ.

ಮೂರು ಜನರ ಪ್ರೀತಿಯ ಗುರುತು ಹಲಗೆಯ ಮೇಲೆ ಉಳಿದುಬಿಟ್ಟಿತು. ಎಡಕ್ಕೆ ಮಗನ ಗೀರು, ಮೂಲೆಯಲ್ಲಿ ಮೊಮ್ಮಗನ ತೂತು, ಬಲಕ್ಕೆ ಸೊಸೆಯ ಹುಣಸೆಹಣ್ಣಿನ ಮಂಕು. ಉಳಿದದ್ದು ಹಾಲಿನ ಹಾಗೆ ಬೆಳ್ಳಗೆ ಬಂತು. ಅಕ್ಷರಗಳ ಕಪ್ಪು ಮಾತ್ರ ಸುಣ್ಣದ ಜೊತೆಗೇ ಹೊರಟುಹೋಗಿತ್ತು. ಮಹೇಶ ಒಂದು ಪುಟ್ಟ ಡಬ್ಬಿ ಕಪ್ಪು ಬಣ್ಣ, ಸಣ್ಣ ಕುಂಚ ತಂದುಕೊಟ್ಟು ಡ್ಯೂಟಿಗೆ ಹೋದ. ಯಜಮಾನರ ಕೈ ನಡುಗುತ್ತದೆ. ಜಯಮ್ಮನಿಗೆ ಅಕ್ಷರವೇ ಬರುವುದಿಲ್ಲ. ಸುಮಾ ಬಾಣಂತಿ, ಸಮಾಧಿಯ ಹತ್ತಿರ ಸುಳಿಯುವ ಹಾಗಿಲ್ಲ. ನಾಲ್ಕನೇ ಕ್ಲಾಸು ಪಾಸಾದವಳು ಸುತ್ತಮುತ್ತ ನಾನೊಬ್ಬಳೇ.

ಕಲ್ಲಿನ ಮುಂದೆ ಚಾಪೆ ಹಾಸಿ ಕೂತು ಮೊದಲ ಅಕ್ಷರಕ್ಕೆ ಬಣ್ಣ ತುಂಬಿದೆ. ಕುಳಿ ಇದ್ದದ್ದರಿಂದ ಕುಂಚ ತಾನೇ ದಾರಿ ಹಿಡಿಯಿತು. ಯಾರೂ ಇರಲಿಲ್ಲ. ಅದೊಂದೇ ಅಕ್ಷರವನ್ನು ಬಾಯಿಬಿಟ್ಟು ಹೇಳಿದೆ. ಒಂದಕ್ಷರ ಹೆಸರಾಗುವುದಿಲ್ಲವಲ್ಲ, ಕಾನೂನು ಮುರಿದ ಹಾಗಾಗಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ಎರಡನೆಯದಕ್ಕೆ ತುಂಬಿ ಅದನ್ನೂ ಬೇರೆಯಾಗಿ ಹೇಳಿದೆ. ಹೀಗೆ ಎರಡರ ನಡುವೆ ಒಂದೊಂದು ಕೆಲಸ ಮಾಡಿಕೊಂಡು, ಅವು ಒಂದಕ್ಕೊಂದು ಅಂಟದ ಹಾಗೆ ನೋಡಿಕೊಂಡು, ಪೂರ್ತಿ ಹೆಸರನ್ನು ಬಿಡಿಬಿಡಿಯಾಗಿ ಹೇಳಿ ಮುಗಿಸಿದೆ. ಪೊಲೀಸರಿಗೆ ಸಿಗದ ಕಳ್ಳರೂ ಇಷ್ಟು ಉಪಾಯ ಮಾಡುವುದಿಲ್ಲ.

ಬಣ್ಣ ಒಣಗುವವರೆಗೆ ಕೂತಿದ್ದಾಗ ಇನ್ನೊಂದು ನೆನಪಾಯಿತು. ಅತ್ತೆ ಹಾಸಿಗೆ ಹಿಡಿದಿದ್ದ ಕಾಲ. ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಬೆಳ್ಳಗೆ, ಹತ್ತಿಯ ಎಳೆಯಂಥ ಕೂದಲು. ಇದ್ದಕ್ಕಿದ್ದ ಹಾಗೆ ಅಂದರು:

"ನನ್ ಎಸ್ರಿಡ್ದು ಕರ್ಯೋರು ಒಬ್ರೂ ಉಳೀನಿಲ್ಲ ಕಣೇ. ಅಣ್ಣದೀರೂ ಓದ್ರು, ಅಕ್ಕದೀರೂ ಓದ್ರು. ಈಗೆಲ್ಲ ಅವ್ವ, ಅತ್ತೆ, ಅಜ್ಜಿ. ನೀನೊಂದ್ ಸತಿ ಅನ್ನು. ಎಂಗ್ ಕೇಳ್ತದೆ ನೋಡಾನ."

ನನ್ನ ಕೈಯಲ್ಲಿ ಬಾಚಣಿಗೆ ನಿಂತಿತು. "ಅಯ್ಯೋ, ಬ್ಯಾಡಿ ಅತ್ತೆಮ್ಮ" ಅಂದೆ.

ಬೀದಿಯ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಆ ಗದ್ದ ಮುಂದಕ್ಕೆ ಬಂತು. "ಬಚಾವಾದೆ. ಅಂದಿದ್ರೆ ಬಾಯ್ಮೇಲ್ ಬಾರಿಸ್ತಿದ್ದೆ."

ನಿಜವಾಗಿ ಕೇಳಿದರೋ, ಪರೀಕ್ಷೆಗೆ ಕೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳೋಣವೆಂದರೆ ಕಲ್ಲು ಉತ್ತರ ಕೊಡುವುದಿಲ್ಲ, ಬುಸ್‌ಗುಟ್ಟುವುದೊಂದೇ ಗೊತ್ತು.

ಹೆಸರಿಡುವ ದಿನ ಬಂತು. ತೊಟ್ಟಿಲಿಗೆ ಹೂ, ಬಾಗಿಲಿಗೆ ತೋರಣ, ಅಡುಗೆಮನೆಯಲ್ಲಿ ಒಬ್ಬಟ್ಟಿನ ಹೂರಣ. ಯಜಮಾನರು ಬೆಳಿಗ್ಗೆಯೇ ಹೊಲಕ್ಕೆ ಹೋಗಿ, ಹಲಗೆಯ ಮುಂದೆ ಕಾಯಿ ಒಡೆದು, "ಫಸ್ಟ್‌ಕ್ಲಾಸಾಗಿ ಕಾಣ್ತದೆ" ಎಂದು ಬಂದು ಹೇಳಿದರು. ಗೀರಿನ ವಿಷಯ ಎತ್ತಲಿಲ್ಲ.

ನಮ್ಮಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತಾರೆ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಕಲ್ಲಿಗೆ ಸ್ನಾನ ಮಾಡಿಸುವ ಕೆಲಸ ನನಗೇ ಬಂತು. ಆ ವಿದ್ಯೆಯಲ್ಲಿ ಈಗ ಈ ಹೋಬಳಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಲ್ಲು ತೂಗಿಸಿಕೊಂಡು ಎದ್ದ ಮೇಲೆ ಸುಮಾ ಮಗುವನ್ನು ಮಲಗಿಸಿ, ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದಳು. ಅವಳ ಫೋನು ಕೈಯಲ್ಲೇ ಇತ್ತು. ಅದರೊಳಗೆ ಆ ಹಲ್ಲು ಬೀಳಿಸುವ ಹೆಸರು ತಯಾರಾಗಿ ಕೂತಿತ್ತು.

"ಕರೀರಿ ಅತ್ತೆ."

ಬಗ್ಗಿದೆ. ಹಾಲಿನ ವಾಸನೆ. ಕಿವಿಯೆಂದರೆ ಹುಣಸೆಯ ಎಳೆಚಿಗುರಿನಷ್ಟು. ಬಾಯಿ ತೆರೆದೆ. ಗಂಟಲಲ್ಲಿ ಆಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಹೊರಗಿನ ಗಂಡಸರೂ ಬಾಗಿಲಿಗೆ ಬಂದು ಇಣುಕಿದರು. ನನ್ನ ಬಾಯಿಂದ ಕೊನೆಗೂ ದನಿ ಹೊರಟಿತು.

"ಅತ್ತೆಮ್ಮಾ..."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಮೊಮ್ಮಗೀಗೆ ಅತ್ತೆಮ್ಮ ಅಂತ ಎಸ್ರಿಟ್ರಾ?" ಎಂದು ಯಾರೋ ಕೂಗಿದರು. ಜಯಮ್ಮ ಮುಂದಕ್ಕೆ ಬಂದು ನನ್ನ ರಟ್ಟೆ ಹಿಡಿದು, "ನಾನೇಳ್ನಿಲ್ವಾ? ಬರಾಕಿಲ್ಲ ಅದು. ಸರ್ಕೋ ಅತ್ಗೆ, ನಾನ್ ಕರೀತೀನಿ" ಅಂದಳು. ಸುಮಾ ತಲೆ ತಗ್ಗಿಸಿ ಫೋನಿನ ಮೇಲೆ ಬೆರಳಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಹೆಗಲ ಟವೆಲನ್ನು ತೆಗೆದು, ಮಡಿಚಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ಅವರ ತಾಯಿ ಹೋದ ದಿನವೂ ಹೀಗೇ ಮಡಿಚಿದ್ದರು.

ನಾನು ಜಯಮ್ಮನ ಕೈ ಬಿಡಿಸಿಕೊಂಡೆ. ಕಣ್ಣು ಮುಚ್ಚಿದೆ. ಸೋಸಲೆಯ ಮೆಟ್ಟಿಲು ಕಾಲಡಿಗೆ ಬಂತು, ಪಾಚಿ ಕಟ್ಟಿ ಜಾರುವ ಕೊನೆಯ ಮೆಟ್ಟಿಲು. ಹೆಸರು ಕೂಗದೆ ಹಾರಿದರೆ ಮೂಗಿನೊಳಗೆ ನೀರು ಹೋಗುತ್ತದೆ. ಹಾರಿದೆ.

"ಕಾವೇರೀ!"

ಕಿವಿಯಲ್ಲಿ ಮೆಲ್ಲಗೆ ಹೇಳಬೇಕಾದದ್ದು. ನಾನು ಮೇಷ್ಟ್ರಿಗೆ ಹೇಳುವ ಹಾಗೆ, ಕಿಟಕಿ ಅದುರುವ ಹಾಗೆ ಹೇಳಿಬಿಟ್ಟೆ. ಅಂಗಳದ ಕೋಳಿಗಳು ಚೆದುರಿದವು. ತೊಟ್ಟಿಲೊಳಗಿನ ಜೀವ ಬೆಚ್ಚಿಬಿದ್ದು ಕೈಕಾಲು ಝಾಡಿಸಿತು. ಆ ಪುಟ್ಟ ಮುಷ್ಟಿ ಎಲ್ಲಿಂದಲೋ ಎದ್ದು ಬಂದು, ಬಗ್ಗಿದ್ದ ನನ್ನ ಬಾಯಿಯ ಮೇಲೆ ಸರಿಯಾಗಿ ಬಿತ್ತು. ಹಲ್ಲಿನ ಸೆಟ್ಟು ಟಕ್ ಎಂದಿತು.

"ನಮ್ಮವ್ವನೇ ಕಣೇ ಅತ್ಗೆ!" ಎಂದು ಜಯಮ್ಮ ನನ್ನನ್ನು ತಬ್ಬಿಕೊಂಡು ಅಳತೊಡಗಿದಳು.

ಬಾಯ್ಮೇಲೆ ಬಾರಿಸ್ತೀನಿ ಅಂದಿದ್ದರು, ಬಾರಿಸಿದರು. ಮಾತಿಗೆ ತಪ್ಪುವ ಹೆಂಗಸಲ್ಲ. ಸುಮಾ ಫೋನನ್ನು ದಿಂಬಿನ ಕೆಳಗೆ ತುರುಕಿದಳು. ಹೆಸರನ್ನು ಮೂರು ಸಲ ಕರೆಯಬೇಕು. ನಾನು ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ, ಸೆಟ್ಟು ಸರಿಮಾಡಿಕೊಂಡೆ, ಇನ್ನೆರಡು ಏಟಿಗೆ ತಯಾರಾಗಿ ತೊಟ್ಟಿಲಿಗೆ ಮತ್ತೆ ಬಗ್ಗಿದೆ.